ಗಾಳಿ ಎಳೆದುಕೊಂಡ ಪೈಪು

ನನ್ನ ಬರೆಯುವ ಮೇಜಿನ ಮೇಲೆ ಗೇಣುದ್ದದ ಕಪ್ಪು ರಬ್ಬರ್ ಪೈಪೊಂದು ಬಿದ್ದಿದೆ. ಕಾಗದ ಹಾರದಂತೆ ಇಡಲು ಗಾಜಿನ ಗುಂಡು ನನ್ನಲ್ಲಿಲ್ಲವೆಂದಲ್ಲ. ರೇಷ್ಮೆ ಇಲಾಖೆಯಿಂದ ನಿವೃತ್ತನಾದ ದಿನ ಸಹೋದ್ಯೋಗಿಗಳು ಪ್ರೀತಿಯಿಂದ ಕೊಟ್ಟದ್ದೊಂದು ಕಪಾಟಿನಲ್ಲಿ ಭದ್ರವಾಗಿದೆ. ಆದರೂ ಕಾಗದ ಕಾಯುವ ಗೌರವ ಈ ಪೈಪಿಗೇ ಸಂದಿದೆ. ನನ್ನ ಹೆಂಡತಿ ಪಾರ್ವತಿ ಇದನ್ನು ಕಸದ ಗಾಡಿಗೆ ಹಾಕಿದ್ದುಂಟು, ನಾನು ಕೊಳ್ಳೇಗಾಲದ ನಡುಬೀದಿಯಲ್ಲಿ ಪಂಚೆ ಎತ್ತಿಕೊಂಡು ಗಾಡಿಯ ಹಿಂದೆ ಓಡಿ ಬಿಡಿಸಿಕೊಂಡು ಬಂದದ್ದೂ ಉಂಟು.

"ಅದೇನ್ ಒಡವೆ ಅಂತ ಮೇಜಿನ್ ಮ್ಯಾಲೆ ಮಡಿಕಂಡಿದ್ದೀರಿ? ಸಂಜೆ ದೀಪ ಹಚ್ಚೋಕೆ ಬಂದ್ರೆ ಸತ್ತ್ ಹಾವು ಕಂಡಂಗಾಯ್ತದೆ" ಎನ್ನುತ್ತಾಳೆ.

ಸತ್ತಿರುವುದು ನಿಜ. ಆದರೆ ಇದು ಸಾಕ್ಷ್ಯ. ಇದರ ಇನ್ನರ್ಧ ಮಧುವನಹಳ್ಳಿಯಾಚೆಯ ನಮ್ಮೂರಿನಲ್ಲಿ, ನನ್ನ ದೊಡ್ಡಪ್ಪನ ಮಗ ಗುರುಮಲ್ಲಣ್ಣನ ಮನೆಯ ಗೂಡಿನಲ್ಲಿ, ದೇವರ ಪಟದ ಪಕ್ಕದಲ್ಲೇ ಇದೆಯಂತೆ. ಸಾಕ್ಷ್ಯ ನಾಶವಾದರೆ ಯಾರಿಗೆ ಲಾಭ ಎಂಬುದು ಇಬ್ಬರಿಗೂ ಗೊತ್ತಿಲ್ಲ. ಗೊತ್ತಿಲ್ಲದ್ದರಿಂದಲೇ ಇಬ್ಬರೂ ಕಾಯುತ್ತಿದ್ದೇವೆ.

ಪೈಪು ನನ್ನ ಕಾರಿನದು. ಕಾರಿನ ಹೆಸರು ಹೇಳಿ ಪ್ರಯೋಜನವಿಲ್ಲ. ತಯಾರಿಸಿದವರೇ ಅದನ್ನು ಮರೆತಿದ್ದಾರೆ, ನಾನೇಕೆ ನೆನಪಿಸಲಿ. ಬಹಳ ಕಾಲ ವಿಧೇಯವಾಗಿದ್ದ ಆ ವಾಹನಕ್ಕೆ ಈಚೆಗೊಂದು ಕಾಯಿಲೆ ಅಂಟಿತು. ಓಡುವಾಗ ಓಡುತ್ತಿತ್ತು, ನಿಂತಾಗ ಮಾತ್ರ ಮೇಲುಸಿರು ಬಿಡುತ್ತಿತ್ತು. ಇಂಜಿನ್ನಿನ ಸದ್ದು ಏರುವುದು, ಇಳಿಯುವುದು, ಇನ್ನೇನು ಹೋಯಿತೆನ್ನುವಾಗ ಮತ್ತೆ ಏರುವುದು. ಮುಚ್ಚಳದೊಳಗಿಂದ ಯಾರೋ ಹಲ್ಲು ಕಚ್ಚಿ ಸುಸ್ಸೆನ್ನುತ್ತಿರುವ ಶಬ್ದ ಬೇರೆ. ಬ್ರೇಕು ತುಳಿದರೆ ಚಪ್ಪಡಿಕಲ್ಲು ತುಳಿದಂತೆ.

ಕೊಳ್ಳೇಗಾಲದಲ್ಲಿ ಕಾರಿಗೆ ಕಾಯಿಲೆಯಾದರೆ ವೈದ್ಯರಿಗೆ ಬರವಿಲ್ಲ. ಎದುರು ಮನೆಯವರು ಪೆಟ್ರೋಲ್ ಸರಿಯಿಲ್ಲ ಎಂದರು. ಪಕ್ಕದ ಮನೆಯವರು ಪ್ಲಗ್ಗು ಎಂದರು. ಪಾರ್ವತಿ ದೃಷ್ಟಿ ಎಂದು ತೀರ್ಮಾನಿಸಿ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದಳು. ಆ ಕಾರನ್ನು ನೋಡಿ ಹೊಟ್ಟೆಕಿಚ್ಚು ಪಡುವ ಮನುಷ್ಯ ತಾಲ್ಲೂಕಿನಲ್ಲಿ ಎಲ್ಲಿದ್ದಾನೆಂದು ನಾನು ಕೇಳಲಿಲ್ಲ. ಅಷ್ಟರಮಟ್ಟಿಗೆ ನನಗೂ ಅಭಿಮಾನವಿತ್ತು.

ಕೊನೆಗೆ ಹನೂರಿನಲ್ಲಿ ಶೆಡ್ಡು ಇಟ್ಟಿರುವ ಸೆಲ್ವನಿಗೆ ತೋರಿಸಿದೆ. ಗಡಿಯ ಪಾಲಾರ್ ಕಡೆಯವನು, ಮಾತನ್ನು ಕನ್ನಡದಲ್ಲಿ ಶುರುಮಾಡಿ ಎಲ್ಲಿ ಬೇಕಾದರೂ ತಮಿಳಿಗೆ ದಾಟಿಬಿಡುತ್ತಾನೆ. ತನ್ನ ಕೈಗುಣದ ಬಗ್ಗೆ ಅವನಿಗೆ ಯಾವ ಸಂಕೋಚವೂ ಇಲ್ಲ.

"ವ್ಯಾಕಮ್ ಪೈಪೆಲ್ಲಾ ಪೋಚ್ಚು ಸಾ, ಓಯ್ತು. ಒಣಗಿ ಸೀಳ್ಕಂಡದ. ಎಲ್ಲಾನೂ ಕಿತ್ತಾಕಿ ಒಸಾದ್ ಆಕ್ಬೇಕು."

"ನೋಡೋಕೆ ಚೆನ್ನಾಗೇ ಇದೆಯಲ್ಲಪ್ಪ?"

"ನೋಡಾಕ ನಾನೂ ಚೆನ್ನಾಗೇ ಇವ್ನಿ ಸಾ. ಒಳಗ ಸುಗರ್ರು, ಬೀಪಿ ಎಲ್ಲಾ ಅದ."

ಅವನು ವಿವರಿಸಿದ್ದು ಇಷ್ಟು. ಇಂಜಿನ್ನು ಉಸಿರೆಳೆದುಕೊಳ್ಳುತ್ತದೆ. ಆ ಎಳೆತದಲ್ಲಿ ಒಂದು ಪಾಲನ್ನು ಈ ಪೈಪುಗಳು ಬ್ರೇಕಿಗೂ ಮತ್ತೊಂದೆರಡು ಕಡೆಗೂ ಒಯ್ಯುತ್ತವೆ. ಅದರಿಂದಲೇ ನಮ್ಮ ಕಾಲಿಗೆ ಬ್ರೇಕು ಹಗುರ. ಪೈಪು ಸೀಳಿದರೆ ಹೊರಗಿನ ಗಾಳಿ ಕದ್ದು ಒಳನುಗ್ಗುತ್ತದೆ. ನೀರಿನ ಪೈಪು ಸೋರಿದರೆ ನೆಲ ಒದ್ದೆಯಾಗಿ ಸಾಕ್ಷಿ ಹೇಳುತ್ತದೆ. ಎಳೆದುಕೊಳ್ಳುವ ಪೈಪು ಏನನ್ನೂ ಚೆಲ್ಲುವುದಿಲ್ಲ.

ಹೀಗೆ ಸಾಕ್ಷಿಯಿಲ್ಲದೆ ಗಾಳಿ ಎಳೆದ ಪೈಪೊಂದು ನಮ್ಮ ವಂಶದ ಚರಿತ್ರೆಯಲ್ಲಿ ಆಗಲೇ ದೊಡ್ಡ ಪಾತ್ರ ವಹಿಸಿತ್ತು.

ನಮ್ಮ ತಂದೆ, ದೊಡ್ಡಪ್ಪ ಹೊಲ ಪಾಲು ಮಾಡಿಕೊಂಡಾಗ ಎಲ್ಲವನ್ನೂ ಎರಡು ಮಾಡಿದರು, ಬಾವಿಯನ್ನು ಎರಡು ಮಾಡಲಾಗಲಿಲ್ಲ. ಬಾವಿಯೊಳಗಿನ ಕಟ್ಟೆಯ ಮೇಲೊಂದು ಪಂಪ್‌ಸೆಟ್ಟು. ಅದರಿಂದ ನೀರಿಗಿಳಿದ ಪೈಪು. ಪೈಪಿನ ನಡುವೆ ಕೂಡುವ ಜಾಗದಲ್ಲಿ ಒಂದು ಗೇಣು ರಬ್ಬರು. ಒಂದು ದಿನ ಅವರ ಸರದಿ, ಮರುದಿನ ನಮ್ಮದು. ಹುಡುಗರಾಗಿದ್ದಾಗ ನನಗೂ ಗುರುಮಲ್ಲಣ್ಣನಿಗೂ ಆ ಕಟ್ಟೆಯೇ ಪಾಠಶಾಲೆ. ಮೋಟಾರು ಹಾಕಿದರೆ ನೀರು ಬಾರದೆ ಗುರುಗುಟ್ಟಿತೋ, ದೊಡ್ಡಪ್ಪ ಮೇಲಿಂದಲೇ ಕೂಗುತ್ತಿದ್ದರು: "ಏರ್ ತಗತಾ ಅದ ಕಣ್ರಲಾ!"

ಆಗ ಶಾಸ್ತ್ರೋಕ್ತವಾದ ಚಿಕಿತ್ಸೆ ಆರಂಭವಾಗುತ್ತಿತ್ತು. ದೊಡ್ಡಪ್ಪ ಇಳಿದು ಬಂದು, ಬೀಡಿ ಹಚ್ಚಿ, ಕೂಡುಗಳ ಬಳಿ ಹೊಗೆ ಬಿಡುವರು. ಎಲ್ಲಿ ಹೊಗೆ ಸರಕ್ಕನೆ ಒಳಗೆ ಹೋಯಿತೋ ಅಲ್ಲಿ ತೂತು. ಅಲ್ಲಿಗೆ ಹಸಿ ಸಗಣಿ ಮೆತ್ತಿ ಬಟ್ಟೆ ಸುತ್ತುವುದು. ಸಗಣಿ ತರುವವನು ನಾನು, ಮೆತ್ತುವವನು ಗುರುಮಲ್ಲಣ್ಣ. ವಯಸ್ಸಿನಲ್ಲಿ ಹಿರಿಯನಾದ್ದರಿಂದ ಕಲಾತ್ಮಕ ಭಾಗ ಅವನದು. ಆಮೇಲೆ ನೀರು ಧೋ ಎಂದು ಬೀಳುವಾಗ ಮೊದಲ ನೀರಿಗೆ ಹಸುರು ಬಣ್ಣ. ಅದರ ಕೆಳಗೇ ಇಬ್ಬರೂ ತಲೆಯೊಡ್ಡುತ್ತಿದ್ದೆವು. ಆ ಸ್ನಾನದ ಪರಿಮಳ ಹೊತ್ತೇ ಶಾಲೆಗೆ ಹೋಗುತ್ತಿದ್ದೆವು. ಅಕ್ಕಪಕ್ಕ ಕೂರುವವರು ನಾವಿಬ್ಬರೇ ಆಗಿದ್ದರಲ್ಲಿ ಆಶ್ಚರ್ಯವಿಲ್ಲ.

ದೊಡ್ಡವರಾದ ಮೇಲೆ ಬಾವಿ ನಮ್ಮಿಬ್ಬರ ಕೈಗೆ ಬಂತು. ಒಂದು ಬೇಸಿಗೆ, ಅವನ ಹಿಪ್ಪುನೇರಳೆಗೆ ನೀರು ಬೇಕಾದ ದಿನವೇ ಪಂಪು ನೀರೆತ್ತಲಿಲ್ಲ. ನೋಡಿದರೆ ರಬ್ಬರಿನಲ್ಲಿ ಉದ್ದಕ್ಕೆ ಒಂದು ಸೀಳು. ಹಿಂದಿನ ದಿನದ ಸರದಿ ನನ್ನದು. ಬ್ಲೇಡು ಹಾಕಿದವನು ನಾನೇ ಎಂದು ಅವನು ಊರಿಗೆಲ್ಲ ಸಾರಿದ. ತಾನೇ ಕುಯ್ದುಕೊಂಡು ನನ್ನ ತಲೆಗೆ ಕಟ್ಟುತ್ತಿದ್ದಾನೆಂದು ನಾನೂ ಅಷ್ಟೇ ಶ್ರದ್ಧೆಯಿಂದ ಸಾರಿದೆ. ಅಂದಿಗೆ ಮಾತು ನಿಂತಿತು. ಮುಂದೆ ಇಬ್ಬರೂ ಬೇರೆಬೇರೆ ಬೋರು ಕೊರೆಸಿಕೊಂಡೆವು. ಬಾವಿಗೆ ಬಳ್ಳಿ ಹಬ್ಬಿತು, ಪಂಪು ಗುಜರಿ ಸೇರಿತು, ಜಗಳ ಮಾತ್ರ ಸುಸ್ಥಿತಿಯಲ್ಲಿತ್ತು.

ಮಾತು ಬಿಡುವುದು ನಮ್ಮ ಕಡೆ ಬೇಕಾಬಿಟ್ಟಿ ಕೆಲಸವಲ್ಲ, ಅದಕ್ಕೂ ಕಟ್ಟಳೆಯಿದೆ. ಮಾತು ಬಿಟ್ಟವರು ವಿಷಯ ತಿಳಿಸುವುದನ್ನು ಬಿಡಬೇಕಾಗಿಲ್ಲ. ಅದು ಮೂರನೆಯವರ ಮೂಲಕ ಹೋಗಬೇಕು ಅಷ್ಟೆ. ಮನುಷ್ಯರು ಸಿಕ್ಕದಿದ್ದರೆ ದನವಾದರೂ ಆದೀತು. ಗುರುಮಲ್ಲಣ್ಣ ಬದುವಿನ ಮೇಲೆ ನಿಂತು, ನನಗೆ ಬೆನ್ನು ಮಾಡಿ, ತನ್ನ ಎತ್ತಿಗೆ ಹೇಳುತ್ತಿದ್ದ: "ನಾಳಕ ಕರೆಂಟ್ ಇರದಿಲ್ವಂತೆ ಕಣಪ್ಪಾ ಬಸವ, ಯಾರ್ಗಾರ ನೀರ್ ಬೇಕಿದ್ರ ಇವತ್ತೇ ಬುಟ್ಕಳ್ಳಿ." ಬಸವ ಗಂಭೀರವಾಗಿ ಕೇಳಿಸಿಕೊಳ್ಳುತ್ತಿದ್ದ. ನಾನು ಅವತ್ತೇ ನೀರು ಬಿಟ್ಟುಕೊಳ್ಳುತ್ತಿದ್ದೆ. ಅವನ ಮಗಳ ಮದುವೆಗೆ ನನ್ನನ್ನು ಕರೆದದ್ದು ನಮ್ಮ ಜಗುಲಿಯ ಕಂಬದ ಮೂಲಕ. ನಾನು ಹೋಗಿ, ಉಂಡು, ಊಟ ಚೆನ್ನಾಗಿತ್ತೆಂದು ಚಪ್ಪರದ ಗಳಕ್ಕೆ ತಿಳಿಸಿ ಬಂದೆ.

ಇದರಿಂದ ನಿಜವಾಗಿ ಕಷ್ಟಕ್ಕೆ ಸಿಕ್ಕವಳು ಯಳಂದೂರಿನ ನಮ್ಮ ಸೋದರತ್ತೆ ಪುಟ್ಟಮಾದಮ್ಮ. ಎಲೆ ಅಡಿಕೆಯಿಲ್ಲದ ಅತ್ತೆಯನ್ನು ನಾವು ಕಂಡವರಲ್ಲ. ಹಲ್ಲು ಹೋದ ಮೇಲೂ ಹಿತ್ತಾಳೆಯ ಪುಟ್ಟ ಕುಟ್ಟಾಣಿಯಲ್ಲಿ ಟಕ್ ಟಕ್ಕೆಂದು ಕುಟ್ಟಿ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ನಮ್ಮ ಜಗಳ ತೀರಿಸಲು ಬಂದು ಸೋತ ದಿನ ಅವಳು ಕುಟ್ಟಾಣಿಯನ್ನು ಚೀಲಕ್ಕೆ ಹಾಕಿ, "ಮಾದಪ್ಪನಾಣೆ, ನೀವಿಬ್ರೂ ಬಾಯ್ಬುಟ್ಟು ಮಾತಾಡೋಗಂಟ ನನ್ ಬಾಯ್ಗೂ ಎಲ ಆಕಲ್ಲ" ಎಂದುಬಿಟ್ಟಳು. ಹಟದ ಹೆಂಗಸು. ಮದುವೆ ಮನೆಗಳಲ್ಲಿ ಎಲೆ ಅಡಿಕೆಯ ತಟ್ಟೆ ಮುಂದೆ ಬಂದರೆ ಮುಖ ತಿರುಗಿಸುತ್ತಿದ್ದಳು. ಕುಟ್ಟಾಣಿಯನ್ನು ಮಾತ್ರ ಹೋದಲ್ಲೆಲ್ಲ ಹೊರುತ್ತಿದ್ದಳು.

ಈ ಸಲ ಅವಳಿಗೆ ಎಂಬತ್ತು ದಾಟಿತು. ಅಪ್ಪಣೆಯಾಯಿತು: "ಇಬ್ರೂ ಒಂದೇ ಗಾಡೀಲಿ ನನ್ನ ಮಾದಪ್ಪನ ಬೆಟ್ಟಕ್ಕ ಕರ್ಕಂಡೋಗಿ. ಇನ್ನೊಂದ್ಸಲ ಅತ್ತಕ ನನ್ ಮಂಡಿ ಬುಡಾಕಿಲ್ಲ." ಸೆಲ್ವ ಪೈಪು ಬದಲಿಸುತ್ತೇನೆಂದದ್ದು ಸೋಮವಾರ. ಅತ್ತೆ ಹೇಳಿದ್ದು ಭಾನುವಾರ. ಯಾರ ಮಾತು ನಡೆಯಿತೆಂದು ನಿಮಗೆ ಹೇಳಬೇಕಾಗಿಲ್ಲ.

ಬೆಳಿಗ್ಗೆ ಯಳಂದೂರಿಗೆ ಹೋಗಿ ಅತ್ತೆಯನ್ನು ಕರೆತಂದು, ಊರ ಗೇಟಿನಲ್ಲಿ ಗುರುಮಲ್ಲಣ್ಣನನ್ನು ಹತ್ತಿಸಿಕೊಂಡೆ. ಅತ್ತೆಯ ಅಪ್ಪಣೆಯಂತೆ ಅವನು ಮುಂದಿನ ಸೀಟಿನಲ್ಲಿ ಕೂತು, ಕಿಟಕಿಯಾಚೆಗೆ ಮುಖ ಮಾಡಿ, ಹನೂರು ಬರುವವರೆಗೂ ಕಬ್ಬಿನ ಗದ್ದೆಗಳನ್ನು ತನಿಖೆ ಮಾಡಿದ. ಹನೂರಿನಲ್ಲಿ ಅತ್ತೆ ಗಾಡಿ ನಿಲ್ಲಿಸಿ ಎಲೆ, ಅಡಿಕೆ, ಸುಣ್ಣ ತೆಗೆದುಕೊಂಡಳು.

"ಯಾರ್ಗತ್ತೆ?" ಎಂದ ಗುರುಮಲ್ಲಣ್ಣ, ಆಸೆಯಿಂದ.

"ಮಾದಪ್ಪನ್ಗ ಕಣ್ಲಾ. ಅಂವನ್ಗೂ ನಿಮ್ಮಿಂದ ಉಪವಾಸ ಕೆಡವ್ಲಾ?"

ಕೌದಳ್ಳಿ ದಾಟಿ ತಾಳಬೆಟ್ಟಕ್ಕೆ ಬಂದಾಗ ಕಾರು ಸುಸ್ಸೆನ್ನುವುದು ಜೋರಾಯಿತು. ಘಟ್ಟ ಶುರುವಾಗುವ ಜಾಗ. ಬಂದವರೆಲ್ಲ ಅಲ್ಲಿ ಇಳಿದು ಕಾಯಿ ಒಡೆದು ಮುಂದೆ ಹೋಗುತ್ತಾರೆ. ನಾನು ಇಂಜಿನ್ನು ಆರಿಸದೆ ಮುಚ್ಚಳ ಎತ್ತಿದೆ. ಗುರುಮಲ್ಲಣ್ಣ ಇಳಿದು ಬಂದು, ಕಿವಿಗೊಟ್ಟು, ದೊಡ್ಡಪ್ಪನದೇ ದನಿಯಲ್ಲಿ ಹಿಂದಿನ ಸೀಟಿಗೆ ಹೇಳಿದ:

"ಅತ್ತೆ, ಇದು ಏರ್ ತಗತಾ ಅದ ಅನ್ನಿ ಅವ್ರ್ಗ."

"ನನಗೂ ಗೊತ್ತು ಅನ್ನತ್ತೆ" ಎಂದೆ.

"ಅಗರಬತ್ತಿ ಕೊಡತ್ತೆ, ತೂತ್ ನೋಡ್ಮ."

ಪೂಜೆಗೆ ತಂದ ಊದುಬತ್ತಿಯ ಕಟ್ಟು ಹಚ್ಚಿ ಅವನು ಇಂಜಿನ್ನಿನ ಮೇಲೆ ನಿಧಾನವಾಗಿ ಆಡಿಸಿದ. ಇಂಜಿನ್ನಿನ ಹತ್ತಿರ ಬೆಂಕಿ ಒಯ್ಯಬಾರದೆಂಬ ತಿಳುವಳಿಕೆ ನಮ್ಮಿಬ್ಬರಿಗೂ ಇತ್ತು. ಕಟ್ಟಳೆಯ ಪ್ರಕಾರ ಅದನ್ನು ಯಾರು ಯಾರಿಗೆ ಹೇಳುವುದೆಂಬುದಷ್ಟೇ ತೊಡಕು. ದಾರಿಯಲ್ಲಿದ್ದ ಭಕ್ತರ ಗುಂಪೊಂದು ವಾಹನಪೂಜೆಯೆಂದು ತಿಳಿದು ಸುತ್ತ ನಿಂತು ಉಘೇ ಎಂದಿತು. ಒಬ್ಬಾಕೆ ರೇಡಿಯೇಟರಿಗೆ ಹೂವಿಟ್ಟಳು. ಅಷ್ಟರಲ್ಲಿ ದಪ್ಪ ಪೈಪೊಂದರ ಬಳಿ ಹೊಗೆ ಸರಕ್ಕನೆ ಒಳಗೆ ಹೋಯಿತು.

"ಸಿಕ್ತು! ಸಗಣಿ ತರಾಕೇಳಿ ಅತ್ತೆ!"

ಇಲಾಖೆಯಲ್ಲಿ ಅಷ್ಟು ವರ್ಷ ದುಡಿದ ನಾನು, ಪಂಚೆಯ ಚುಂಗು ಹಿಡಿದುಕೊಂಡು, ಹಸುಗಳನ್ನು ಅರಸಿ ಹೋದೆ. ಹೋಗುವಾಗಲೇ ಅರಿವಾಯಿತು: ತರುವವನು ಇಂದಿಗೂ ನಾನೇ. ಮೆತ್ತುವವನು ಅವನೇ. ಅತ್ತೆಯ ಹಳೆಯ ಸೀರೆಯ ಚೂರು ಸುತ್ತಿ ಕಟ್ಟಿದೆವು. ಸುಸ್ಸೆನ್ನುವುದು ನಿಂತಿತು. ಇಂಜಿನ್ನು ಒಂದೇ ಸಮನೆ ಗುನುಗಿತು. ನಾವಿಬ್ಬರೂ ಒಬ್ಬರನ್ನೊಬ್ಬರು ನೋಡದೆ, ಒಟ್ಟಿಗೆ, ಕಾರನ್ನು ಹೆಮ್ಮೆಯಿಂದ ನೋಡಿದೆವು.

ಬಾವಿಯ ತಂಪಿಗೂ ಇಂಜಿನ್ನಿನ ಬಿಸಿಗೂ ಇರುವ ಅಂತರ ನಮ್ಮ ಶಾಸ್ತ್ರದಲ್ಲಿರಲಿಲ್ಲ. ಕೆಲವು ತಿರುವು ಹತ್ತುವುದರೊಳಗೆ ಕಾರಿನ ತುಂಬ ಬೆರಣಿ ಸುಡುವ ವಾಸನೆ. ಅತ್ತೆ ಆ ಪರಿಚಿತ ಧೂಪಕ್ಕೆ ನೆಮ್ಮದಿಯಾಗಿ ನಿದ್ದೆ ಹೋದಳು. ಮುಂದಿನ ಕಡಿದಾದ ತಿರುವಿನಲ್ಲಿ ಒಣಗಿದ ಸಗಣಿ ಉದುರಿತು, ಸುಸ್ಸ್ ಎಂದಿತು, ಇಂಜಿನ್ನು ನಿಂತೇಹೋಯಿತು. ಕಾರು ಹಿಂದಕ್ಕೆ ಜಾರತೊಡಗಿತು. ಬ್ರೇಕು ತುಳಿದೆ: ಚಪ್ಪಡಿಕಲ್ಲು. ಹಿಂದೆ ಮೋಟುಗೋಡೆ, ಅದರಾಚೆ ಬರಿಯ ಆಕಾಶ.

ಗುರುಮಲ್ಲಣ್ಣ ಹಿಂತಿರುಗಿ ಕೂಗಿದ: "ಅತ್ತೆ! ಆಂಡ್ ಬ್ರೇಕ್ ಎಳೀಲಿ ಅನ್ನಿ!"

ಅತ್ತೆ ಗೊರಕೆ ಹೊಡೆಯುತ್ತಿದ್ದಳು. ಮೂರನೆಯವರಿಲ್ಲ. ಎತ್ತಿಲ್ಲ, ಕಂಬವಿಲ್ಲ. ಪ್ರಾಣ ಹೋಗುವ ಹೊತ್ತಿನಲ್ಲೂ ಅವನು ಕಟ್ಟಳೆ ಮೀರಲಿಲ್ಲ. ಬೆಟ್ಟದ ತುದಿಗೆ ಕೈಯೆತ್ತಿ ಅರಚಿದ:

"ಅಪ್ಪಾ ಮಾದಪ್ಪಾ! ಆಂಡ್ ಬ್ರೇಕ್ ಎಳೀ ಅನ್ನಪ್ಪಾ ಅವ್ರ್ಗ!"

"ಎಳ್ದಿವ್ನಿ ಅನ್ನಪ್ಪಾ ಮಾದಪ್ಪಾ! ಅದೂ ಇಡೀತಿಲ್ಲ, ಇಳ್ದು ಕಲ್ ಕೊಡಾಕೇಳಪ್ಪಾ!"

ಮಾದಪ್ಪ ಎರಡೂ ಕಡೆಯ ಮಾತನ್ನು ಆಯಾ ಕ್ಷಣವೇ ತಲುಪಿಸಿದ. ಈ ವಿಷಯದಲ್ಲಿ ಬಸವನಿಗಿಂತ ಚುರುಕು. ನಾನು ಎರಡೂ ಕಾಲಲ್ಲಿ ಬ್ರೇಕಿನ ಮೇಲೆ ನಿಂತೆ. ಗುರುಮಲ್ಲಣ್ಣ ಆ ವಯಸ್ಸಿನಲ್ಲಿ ಹೇಗೆ ಹಾರಿದನೋ, ಮೋಟುಗೋಡೆಯಿಂದ ಬಿದ್ದಿದ್ದ ಕಲ್ಲೊಂದನ್ನು ತಬ್ಬಿಕೊಂಡು ಬಂದು ಹಿಂದಿನ ಚಕ್ರಕ್ಕೆ ಕೊಟ್ಟ. ಕಾರು ಗಕ್ಕೆಂದು ನಿಂತಿತು. ಅತ್ತೆ ಕಣ್ಣು ಬಿಟ್ಟು, "ಬಂದ್ವಾ?" ಎಂದಳು.

ಹೌದು, ಬಹಳ ಹತ್ತಿರ ಬಂದಿದ್ದೆವು.

ಸೆಲ್ವನಿಗೆ ಫೋನು ಮಾಡಿದೆ. ಬಿಸಿಲೇರುವ ಹೊತ್ತಿಗೆ ಬೈಕಿನಲ್ಲಿ ಬಂದ. ಕೊರಳಿಗೆ ಹೊಸ ರಬ್ಬರ್ ಪೈಪುಗಳನ್ನು ಸುತ್ತು ಸುತ್ತಾಗಿ ಹಾಕಿಕೊಂಡಿದ್ದ. ಶಿವನ ಬೆಟ್ಟದಲ್ಲಿ ಅವನ ಬರವು ಯಾರಿಗಾದರೂ ಭಕ್ತಿ ಹುಟ್ಟಿಸುವಂತಿತ್ತು. ಮುಚ್ಚಳ ಎತ್ತಿದವನೇ ಮೂಗು ಮುಚ್ಚಿಕೊಂಡ.

"ಅಯ್ಯೋ ಕಡವುಳೇ! ಯಾರ್ ಸಾ ಇದ್ಕ ಸಾಣಿ ಆಕಿದ್ದು?"

"ನಮ್ ಮನೆತನದ್ ಪದ್ಧತಿ ಕಣಪ್ಪ" ಎಂದಳು ಅತ್ತೆ, ಮೋಟುಗೋಡೆಯ ಮೇಲೆ ಕೂತು.

ಹಳೆಯ ಪೈಪುಗಳನ್ನು ಒಂದೊಂದಾಗಿ ಕಿತ್ತು, ಅದರ ಅಳತೆಗೆ ಹೊಸದನ್ನು ಕತ್ತರಿಸಿ ಸಿಕ್ಕಿಸಿದ. ತನ್ನಂಥ ಕೆಲಸಗಾರ ಸೇಲಂವರೆಗೂ ಇಲ್ಲವೆಂದು ಹೇಳುತ್ತ ಎರಡು ಸಣ್ಣ ಪೈಪುಗಳನ್ನು ಅದಲು ಬದಲು ಮಾಡಿ ಸಿಕ್ಕಿಸಿದ್ದರಿಂದ, ಸ್ಟಾರ್ಟು ಮಾಡಿದೊಡನೆ ಇಂಜಿನ್ನು ಕಿರುಚಿಕೊಂಡಿತು. "ಇದು ಸಾಣಿ ವಾಸನೆಗೇ ಸಾ" ಎಂದು ತೀರ್ಪಿತ್ತು, ನಾವು ನೋಡುವುದಿಲ್ಲವೆಂದುಕೊಂಡು ಸರಿಮಾಡಿದ. ನಾವೂ ನೋಡಲಿಲ್ಲ. ಸಗಣಿ ಮೆತ್ತಿದವರಿಗೆ ಯಾವ ಬಾಯಿ?

ಇಂಜಿನ್ನು ಶಾಂತವಾಯಿತು. ಗುರುಮಲ್ಲಣ್ಣ ನೆಲದ ಮೇಲೆ ಬಿದ್ದಿದ್ದ ಹಳೆಯ ದಪ್ಪ ಪೈಪನ್ನು ಎತ್ತಿಕೊಂಡು ಒರೆಸಿದ. ಉದ್ದಕ್ಕೆ ಒಂದು ಸೀಳು. ಬಹಳ ಹೊತ್ತು ನೋಡಿ, ದನಿ ತಗ್ಗಿಸಿ ಸೆಲ್ವನನ್ನು ಕೇಳಿದ:

"ಇದು ಬ್ಲೇಡ್ನಲ್ಲಿ ಕುಯ್ದಿರದಲ್ವೇನಪ್ಪ?"

"ಬ್ಲೇಡಾ? ಇದ್ಕ್ಯಾಕ್ ಸಾ ಬ್ಲೇಡು? ಬಿಸ್ಲು ಗಾಳಿ ತಿಂದು ತಾನೇ ಬಾಯ್ಬುಡ್ತದ. ವಯಸ್ಸಾದ್ರ ಯಾವ್ ರಬ್ರೂ ಅಂಗೇಯಾ. ಬಗ್ಗಿಸ್ ನೋಡಿ."

ಗುರುಮಲ್ಲಣ್ಣ ಬಗ್ಗಿಸಿದ. ಸೀಳು ತುಟಿಯಂತೆ ತೆರೆಯಿತು, ಅದರ ಪಕ್ಕದಲ್ಲಿ ನಮ್ಮ ಕಣ್ಣೆದುರೇ ಇನ್ನೊಂದು ಸೀಳು ಹುಟ್ಟಿತು. ಬಿಟ್ಟ, ಮುಚ್ಚಿತು. ಮತ್ತೆ ಬಗ್ಗಿಸಿದ. ನಾನು ಹತ್ತಿರ ಬಂದದ್ದು ನನಗೇ ತಿಳಿಯಲಿಲ್ಲ. ಇಬ್ಬರ ತಲೆಯೂ ಆ ಪೈಪಿನ ಮೇಲೆ ಬಾಗಿತ್ತು, ಹಿಂದೆ ಹಸುರು ನೀರಿಗೆ ಬಾಗುತ್ತಿದ್ದಂತೆ. ಬಾವಿಯ ಕಟ್ಟೆಯ ಮೇಲೆ ಬಿಸಿಲಲ್ಲಿ ವರ್ಷಗಟ್ಟಲೆ ಒಣಗಿದ ಆ ಇನ್ನೊಂದು ಗೇಣು ರಬ್ಬರು ಇಬ್ಬರ ಕಣ್ಣ ಮುಂದೆಯೂ ಬಂದಿರಬೇಕು. ಅವನು ಪೈಪಿನಿಂದ ತಲೆಯೆತ್ತಿದ. ಏನೋ ದೊಡ್ಡ ಮಾತು ಬರುತ್ತದೆಂದು ನಾನು ಕಣ್ಣೊರೆಸಿಕೊಳ್ಳಲು ಸಿದ್ಧನಾದೆ.

"ಇದೇನೋ ತಾನೇ ಸೀಳ್ಕಂತು" ಎಂದ ಗುರುಮಲ್ಲಣ್ಣ. "ಅವತ್ತಿನ್ ಪೈಪ್ ಕುಯ್ದೋನು ಮಾತ್ರ ನೀನೇ ಕಣ್ಲಾ ನಂಜುಂಡ."

ಈ ಮಾತು ಯಾರ ಮೂಲಕ ಬಂತೆಂದು ನಾನು ಹಿಂದೆ ಮುಂದೆ ನೋಡಿದೆ. ಸೆಲ್ವ ಸ್ಪ್ಯಾನರ್ ಒರೆಸುತ್ತಿದ್ದ. ಮಾದಪ್ಪ ತನ್ನ ಪಾಡಿಗೆ ಬೆಟ್ಟದ ಮೇಲಿದ್ದ. ಗುರುಮಲ್ಲಣ್ಣ ನನ್ನ ಮುಖವನ್ನೇ ನೋಡುತ್ತಿದ್ದ.

"ನಾನ್ಯಾಕಣ್ಣಾ ಕುಯ್ಲಿ?" ಎಂದೆ. "ನೀನೇ ಕುಯ್ದು ನನ್ ತಲಗ ಕಟ್ದೆ!"

"ಬಾಯ್ಮುಚ್ಲಾ! ನನ್ ಇಪ್ಪುನೇರಳ ಒಣಗೋಯ್ತು, ನಾನ್ ಕುಯ್ಕಂಡ್ನಾ?"

"ಅದೇನ್ ಇಪ್ಪುನೇರಳೆ ಅಣ್ಣಾ? ನಾನು ಇಲಾಖೆಯೋನು, ನಂಗೊತ್ತಿಲ್ವಾ, ಅದ್ಕ ಮೊದ್ಲೇ ರೋಗ ಇತ್ತು!"

"ರೋಗ ಇದ್ದುದ್ದು ನಿನ್ ಕಣ್ಗ ಕಣ್ಲಾ!"

ಅಷ್ಟು ವರ್ಷ ದನ, ಕಂಬಗಳ ಮೂಲಕ ಸಾಗಿಸಲಾಗದೆ ಉಳಿದಿದ್ದ ಸರಕೆಲ್ಲ ಹೊರಬಂತು. ಮೇಲೆ ಹೋಗುತ್ತಿದ್ದ ಬಸ್ಸೊಂದು ನಿಧಾನಿಸಿ ಜನ ಇಣುಕಿದರು. ಪೈಪು ತನಗೆ ಬೇಕೆಂದು ಅವನು, ನನ್ನ ಕಾರಿನದೆಂದು ನಾನು, ಎರಡು ತುದಿ ಹಿಡಿದು ಎಳೆದಾಡಿದೆವು. ಸೆಲ್ವನಿಗೆ ಸಾಕಾಯಿತು. ಜೇಬಿನಿಂದ ಬ್ಲೇಡು ತೆಗೆದು ನಡುವೆ ಕುಯ್ದು ಅರ್ಧರ್ಧ ಕೈಗೆ ಕೊಟ್ಟ. ಆ ಪೈಪನ್ನು ಬ್ಲೇಡು ಮುಟ್ಟಿದ್ದು ಅದೇ ಮೊದಲು.

ಆಗ ಹಿಂದಿನಿಂದ ಟಕ್ ಟಕ್ಕೆಂಬ ಸದ್ದು ಬಂತು. ಇಬ್ಬರೂ ತಿರುಗಿದೆವು. ಅತ್ತೆ ಮೋಟುಗೋಡೆಯ ಮೇಲೆ ಕಾಲು ಚಾಚಿ, ಮಡಿಲಲ್ಲಿ ಕುಟ್ಟಾಣಿ ಇಟ್ಟುಕೊಂಡು, ಎಲೆಗೆ ಸುಣ್ಣ ಸವರಿ ಮಡಿಸಿ ಹಾಕಿ ಕುಟ್ಟುತ್ತಿದ್ದಳು.

"ಅದು ಮಾದಪ್ಪನ್ಗ ಅಂದಿದ್ಯಲ್ಲತ್ತೆ?" ಎಂದ ಗುರುಮಲ್ಲಣ್ಣ.

"ನಾ ಕೇಳಿದ್ದ ಅಂವ ಕೊಟ್ಟಾಯ್ತು. ನೀವ್ ನಿಲ್ಲುಸ್ಬ್ಯಾಡಿ, ಬೈಕಳಿ ಬೈಕಳಿ" ಎಂದಳು.

ನಾವು ಬೈದುಕೊಂಡೆವು. ಅವಳು ಕುಟ್ಟಿದಳು. ಕಾರಿನ ಸುಸ್ಸೆನ್ನುವ ಸದ್ದು ನಿಂತಿದ್ದರಿಂದ ಆ ಟಕ್ ಟಕ್ ತಿರುವಿನ ಕೆಳಗಿನವರೆಗೂ ಚೆನ್ನಾಗಿ ಕೇಳಿಸುತ್ತಿತ್ತು.